ಗೂಬೆ ಏರಿಸಿದ ಕುರ್ಚಿ

ಆ ಮನೆಯಲ್ಲಿ ಊಟಕ್ಕೆ ಕೂರಬೇಕೆಂದರೆ ಮೊದಲು ಮೇಜಿನ ಮೇಲಿನ ಟೈಪ್‌ರೈಟರನ್ನು ಎತ್ತಿ ನೆಲಕ್ಕಿಡಬೇಕಿತ್ತು. ಯಾರು ಎತ್ತಬೇಕು ಎನ್ನುವುದರ ಮೇಲೆ ದಿನಕ್ಕೊಂದು ಸಣ್ಣ ಜಗಳ. ತಂದವರೇ ಎತ್ತಲಿ ಎನ್ನುವುದು ಸೊಸೆಯ ನ್ಯಾಯ. ತಂದವನು ಎದ್ದು ಬರುವಷ್ಟರಲ್ಲಿ ಅನ್ನ ಆರಿಹೋಗುತ್ತದೆ ಎನ್ನುವುದು ಅಜ್ಜಿಯ ಅನುಭವ. ಕೊನೆಗೆ ಪಾಪು ಎತ್ತುತ್ತಿದ್ದಳು. ಕಾಲೇಜಿಗೆ ಹೋಗುವ ಮೊಮ್ಮಗಳನ್ನು ಆ ಮನೆಯವರು ಇನ್ನೂ ಪಾಪು ಎಂದೇ ಕರೆಯುತ್ತಿದ್ದರು; ಭಾರದ ಕೆಲಸಗಳನ್ನು ಮಾತ್ರ ಅವಳಿಗೇ ಹೇಳುತ್ತಿದ್ದರು.

ಅಜ್ಜಿಯ ಮಗನದ್ದು ಹಲ್ಲಿನ ಕೆಲಸ. ಡಾಕ್ಟರಲ್ಲ, ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣ ಹಚ್ಚಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಸೆಟ್ ಮಾಡಿ ಕಳಿಸುವವನು. ದಿನವಿಡೀ ಕಂಡವರ ಬಾಯಿಗೆ ದುಡಿದು ಬಂದವನಿಗೆ ಸ್ವಂತ ಬಾಯಿ ತೆರೆಯಲು ಸೋಮಾರಿತನ. ಮೊಬೈಲಿನಲ್ಲಿ ಹರಾಜಿನ ಪುಟ ತೆರೆದರೆ ಮಾತ್ರ ಮುಖ ಅರಳುತ್ತಿತ್ತು. ಹಳೆಯ ಕ್ಯಾಮೆರಾ, ಗಡಿಯಾರ, ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರ, ಬೆರಳಿಟ್ಟು ತಿರುಗಿಸುವ ಫೋನು, ಎರಡು ಕಣ್ಣಿಟ್ಟು ನೋಡುವ ಚಿತ್ರದ ಪೆಟ್ಟಿಗೆ, ಯಾವ ಕೆಲಸಕ್ಕೆ ಎಂದು ಮಾರಿದವನಿಗೂ ಗೊತ್ತಿರದ ಒಂದು ಹಿತ್ತಾಳೆಯ ಸಲಕರಣೆ. ವಾರಕ್ಕೊಂದು ಪೆಟ್ಟಿಗೆ ಬರುತ್ತಿತ್ತು. ಅವೆಲ್ಲ ಸೇರುತ್ತಿದ್ದುದು ಮುಂದಿನ ಕೋಣೆಗೆ. ಆ ಕೋಣೆಗೆ ಬೀದಿ ಕಡೆಯಿಂದ ಬೇರೆಯೇ ಬಾಗಿಲಿತ್ತು. ಮನೆಯವರು ಓಡಾಡುವುದು ಪಕ್ಕದ ಬಾಗಿಲಿನಿಂದ.

ಸುಳ್ಳು ಹೇಳಬಾರದು, ಆ ಕೋಣೆ ಚೆನ್ನಾಗಿಯೇ ಇತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಮಸೂರಗಳ ಮೇಲೆ ಬಿದ್ದರೆ ಗೋಡೆಯ ತುಂಬ ಬೆಳಕಿನ ಬಿಲ್ಲೆಗಳು ಅಲುಗುತ್ತಿದ್ದವು. ಗಡಿಯಾರಗಳೆಲ್ಲ ನಡೆಯುತ್ತಿದ್ದವು, ಆದರೆ ಒಂದರ ಮಾತು ಇನ್ನೊಂದು ಕೇಳುತ್ತಿರಲಿಲ್ಲ. ಒಂದರಲ್ಲಿ ಬೆಳಗಿನ ಚಹಾದ ಹೊತ್ತು, ಇನ್ನೊಂದರಲ್ಲಿ ದೀಪ ಹಚ್ಚುವ ಹೊತ್ತು. ಅಜ್ಜಿ ಒಮ್ಮೊಮ್ಮೆ ಅಲ್ಲಿ ಹೋಗಿ ಕೂತು ತನಗೆ ಬೇಕಾದ ಹೊತ್ತನ್ನು ಆರಿಸಿಕೊಂಡು ಕಣ್ಣು ಮುಚ್ಚುತ್ತಿದ್ದಳು.

ಸೊಸೆಗೆ ಮಾತ್ರ ಆ ಕೋಣೆ ಬೇರೆ ಕಾರಣಕ್ಕೆ ಬೇಕಿತ್ತು. ಅವಳು ಒಬ್ಬಾಕೆಯ ಪಾರ್ಲರಿನಲ್ಲಿ ಮದುವೆಗೆ ಮುಂಚಿನಿಂದ ತಲೆಗೂದಲು ಕತ್ತರಿಸುತ್ತ ನಿಂತವಳು. ಒಡತಿ ಆ ಜಾಗವನ್ನು ಚಪ್ಪಲಿ ಅಂಗಡಿಯವರಿಗೆ ಕೊಟ್ಟು ಮಗಳ ಮನೆಗೆ ಹೊರಟಿದ್ದಳು. ಗಿರಾಕಿಗಳು ಸೊಸೆಯ ಕೈಗೆ ಒಗ್ಗಿದವರು. ಅವಳು ಎಲ್ಲಿ ಕತ್ತರಿ ಹಿಡಿದರೂ ಬರುವವರು. ಬೀದಿ ಬಾಗಿಲಿನ ಆ ಕೋಣೆಯಲ್ಲಿ ಸ್ವಂತ ಅಂಗಡಿ ತೆರೆಯುವುದು ಅವಳ ಲೆಕ್ಕ. ಆದರೆ ತಡಮಾಡಿದರೆ ಕೂದಲು ಕಾಯುತ್ತದೆಯೇ? ಬೆಳೆಯುತ್ತಲೇ ಇರುತ್ತದೆ, ಬೇರೆಯವರ ಕತ್ತರಿಗೆ ಹೋಗುತ್ತದೆ.

"ರೀ, ಆ ಕೋಣೆ ಯಾವಾಗ ಖಾಲಿ ಮಾಡ್ತೀರಿ?" ತಟ್ಟೆಗೆ ಆಲೂಗಡ್ಡೆ ಪಲ್ಯ ಬಡಿಸುತ್ತ ಕೇಳಿದಳು.

"ಮಾಡ್ತೀನಿ ಕಣೆ. ಒಂದೊಂದಾಗಿ ನೋಡಿ ಮಾಡ್ಬೇಕು."

"ಹೋದ ತಿಂಗಳೂ ಇದೇ ಹೇಳಿದ್ರಿ. ಒಂದು ಹೋಗ್ಲಿಲ್ಲ, ಮೂರು ಬಂದ್ವು."

"ಮೂರಲ್ಲ ಅಮ್ಮ, ನಾಲ್ಕು," ಎಂದಳು ಪಾಪು. "ಒಂದು ನನ್ನ ಮಂಚದ ಕೆಳಗಿದೆ. ರಾತ್ರಿಯೆಲ್ಲ ಟಿಕ್ ಟಿಕ್ ಅನ್ನತ್ತೆ."

"ನಿನಗೆ ಎಲ್ಲಾನೂ ಹೇಳಲೇಬೇಕಾ?" ಎಂದು ಮಗಳ ಕಡೆ ನೋಡಿದ ಅಪ್ಪ ಕೊನೆಗೆ ಎದ್ದು, ಎಂಜಲು ಕೈ ಹಿಂದಿಟ್ಟುಕೊಂಡು, ಇನ್ನೊಂದು ಕೈಯನ್ನು ತಾಯಿಯ ತಲೆಯ ಮೇಲಿಟ್ಟ. "ಅಮ್ಮನಾಣೆ, ಕೋಣೆ ಖಾಲಿಯಾಗೋವರೆಗೂ ಒಂದು ಗುಂಡುಸೂಜಿನೂ ಕೊಳ್ಳಲ್ಲ."

"ನನ್ನ ತಲೆ ಯಾಕಪ್ಪ? ನಿನಗೊಂದು ಇದೆಯಲ್ಲ," ಎಂದಳು ಅಜ್ಜಿ.

ಮುಂದಿನ ವಾರವೇ ಆ ಕುರ್ಚಿ ಹರಾಜಿಗೆ ಬಂತು.

ಹಳೆಯ ಕಾಲದ ಕಟಿಂಗ್ ಕುರ್ಚಿ. ಎರಕದ ಕಬ್ಬಿಣದ ದುಂಡು ಪಾದ, ಬಿಳಿ ಎನಾಮೆಲ್ ಬಳಿದ ಕೈಗಳು, ಕುಂಕುಮದ ಬಣ್ಣಕ್ಕೆ ತಿರುಗಿದ ಚರ್ಮದ ದಿಂಬು. ಪಕ್ಕದ ಸನ್ನೆಕೋಲು ಒತ್ತಿದರೆ ಮೇಲೇರುತ್ತದೆ, ಹಿಂದಕ್ಕೆಳೆದರೆ ನಿಟ್ಟುಸಿರಿಟ್ಟು ಇಳಿಯುತ್ತದೆ, ಸುತ್ತಲೂ ತಿರುಗುತ್ತದೆ. ಮಗ ಅದನ್ನು ನೋಡಿದ್ದು ಕೆಲಸದ ಜಾಗದಲ್ಲಿ, ಮೇಣ ಕರಗಲು ಇಟ್ಟು ಕಾಯುತ್ತಿದ್ದಾಗ. ನೋಡಿ ಮೇಣ ಉಕ್ಕಿಸಿದ. ಇದು ಹೆಂಡತಿಯ ಅಂಗಡಿಗೆ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಹೇಳಿಕೊಂಡಾಗ ಆಣೆ ಅಷ್ಟೇನೂ ಚುಚ್ಚಲಿಲ್ಲ.

ಸೊಸೆಯೂ ನೋಡಿದ್ದಳು. ಆ ಹರಾಜಿನ ಪುಟವನ್ನು ವರ್ಷಗಟ್ಟಲೆ ಬೈದವಳು, ಪಾರ್ಲರಿನಲ್ಲಿ ಒಬ್ಬರ ಕೂದಲಿಗೆ ಬಣ್ಣ ಹಚ್ಚಿ ಅದು ಹಿಡಿಯಲು ಬಿಟ್ಟ ಹೊತ್ತಿನಲ್ಲಿ, ಕುರ್ಚಿ ಹುಡುಕುತ್ತ ಅಲ್ಲಿಗೇ ಬಂದು ನಿಂತಿದ್ದಳು. ಹೊಸ ಕುರ್ಚಿಗಳೆಲ್ಲ ಪ್ಲಾಸ್ಟಿಕ್ಕಿನ ಆಟಿಕೆಗಳು. ಇದು ಕುರ್ಚಿ. ಪಾಪುವಿನಿಂದ ಗುಟ್ಟಾಗಿ ಖಾತೆ ಮಾಡಿಸಿಕೊಂಡಳು.

"ಅಪ್ಪಂಗೆ ಹೇಳಿದ್ರೆ ನೋಡು."

"ಹೇಳಲ್ಲ ಅಮ್ಮ. ಆದ್ರೆ ನೀನು ಇಷ್ಟು ದಿನ ಬೈದಿದ್ದೆಲ್ಲ?"

"ಬೈದಿದ್ದು ಬೈದಿದ್ದೇ. ಇದು ಕೆಲಸದ ಸಾಮಾನು."

ಅಲ್ಲಿ ಯಾರ ಹೆಸರೂ ಕಾಣುತ್ತಿರಲಿಲ್ಲ. ಕೂಗುವ ಪ್ರತಿಯೊಬ್ಬರಿಗೂ ಒಂದು ಹಕ್ಕಿಯ ಚಿತ್ರ. ಸೊಸೆಗೆ ಬಂದದ್ದು ಮರಕುಟಿಗ.

ಭಾನುವಾರ ಮಧ್ಯಾಹ್ನ ಹರಾಜು ಮುಗಿಯುವುದಿತ್ತು. ಪಾಪು ಓದಲು ಗೆಳತಿಯ ಮನೆಗೆ ಹೋಗಿದ್ದಳು. ಊಟವಾಗಿತ್ತು. ಹೊರಗೆ ಬೀದಿ ನಿದ್ದೆ ಮಾಡುತ್ತಿತ್ತು. ಅಜ್ಜಿ ನಡುಮನೆಯಲ್ಲಿ ಕಾಲು ಚಾಚಿ ಬಟಾಣಿ ಸುಲಿಯುತ್ತಿದ್ದಳು. ಸೊಸೆ ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಕ್ಕೆ ಮೊಬೈಲು ಒರಗಿಸಿಕೊಂಡು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಮಗ ಮುಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದ.

ಬೇರೆಯವರು ಹೆಚ್ಚು ಕೂಗಿದರೆ ಮೊಬೈಲು ಟಣ್ ಎನ್ನುತ್ತದೆ. ಅಡುಗೆಮನೆಯಲ್ಲಿ ಟಣ್ ಎಂದಿತು. ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಟಣ್. ಅಲ್ಲೊಂದು ಕುರ್ಚಿ ಕಿರುಗುಟ್ಟಿತು. ಮತ್ತೆ ಅಡುಗೆಮನೆಯಲ್ಲಿ. ಮತ್ತೆ ಕೋಣೆಯಲ್ಲಿ. ಕಡೆಯ ಗಳಿಗೆಯಲ್ಲಿ ಯಾರಾದರೂ ಏರಿಸಿದರೆ ಹರಾಜಿನ ಹೊತ್ತೂ ಮುಂದಕ್ಕೆ ಹೋಗುತ್ತದಂತೆ. ಹಾಗಾಗಿ ಅದು ಮುಗಿಯುತ್ತಲೇ ಇರಲಿಲ್ಲ. ಬೇರೆ ಹಕ್ಕಿಗಳೆಲ್ಲ ಹಾರಿಹೋಗಿ ಬಹಳ ಹೊತ್ತಾಗಿತ್ತು.

ಅಜ್ಜಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ತಿರುಗಿಸಿದಳು. ಹರಾಜೆಂದರೆ ಏನೆಂದು ಮಗನನ್ನು ನೋಡಿ ನೋಡಿ ಕಲಿತಿದ್ದಳು. ಅಡುಗೆಮನೆಯಿಂದ "ಬಿಡಲ್ಲ ನಿನ್ನ" ಎಂದು ಹಲ್ಲು ಕಚ್ಚಿದ ಮಾತು ಬಂತು. ಕೋಣೆಯಿಂದ "ಇವನ್ಯಾರಪ್ಪ" ಎನ್ನುವ ನಿಟ್ಟುಸಿರು. ಅಜ್ಜಿಯ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಅರ್ಧಕ್ಕೆ ನಿಂತಿತು. ಒಂದು ಮಾತು ಕೂಗಿದ್ದರೆ ಸಾಕಿತ್ತು. ಬಾಯಿ ತೆರೆದಳು ಕೂಡ. ಆಮೇಲೆ ಮುಂದಿನ ಕೋಣೆಯ ಮುಚ್ಚಿದ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ, ಬಾಯಿ ಮುಚ್ಚಿ, ಬಟಾಣಿ ಸುಲಿದಳು.

ಕೊನೆಯ ಟಣ್ ಕೋಣೆಯಲ್ಲೇ ಆಯಿತು. ಮಗ ಸೋತು ಜೋಲುಮುಖ ಹಾಕಿಕೊಂಡು ಹೊರಬಂದ. ಸೊಸೆ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದಳು.

"ಅತ್ತೆ, ರೀ, ಕೇಳಿ. ಅಂಗಡಿಗೆ ಕುರ್ಚಿ ತಗೊಂಡೆ. ಹರಾಜಲ್ಲಿ." ಗೆದ್ದವಳ ಮುಖವಲ್ಲ ಅದು. "ಆದ್ರೆ ಯಾವನೋ ಗೂಬೆ ರೀ. ಗೂಬೆ ಚಿತ್ರ ಹಾಕ್ಕೊಂಡು ಕೂತಿದ್ದ. ನಾನು ಒಂದು ಹೆಜ್ಜೆ ಇಟ್ರೆ ಅವನು ಎರಡು ಇಡ್ತಿದ್ದ. ಬೆಲೆ ಎಲ್ಲಿಗೋ ಏರಿಸಿಬಿಟ್ಟ. ತಲೆ ತೊಳೆಯೋ ಬೇಸಿನ್ನಿಗೆ, ಪೈಪಿಗೆ ಅಂತ ಇಟ್ಟಿದ್ದೆಲ್ಲ ಅದಕ್ಕೇ ಹೋಯ್ತು. ಇನ್ನು ಬಕೆಟ್ಟು ಚೊಂಬೇ ಗತಿ."

ಕಳ್ಳನಿಗೆ ಚೇಳು ಕಡಿದರೆ ಹೇಗಿರುತ್ತದೋ ಹಾಗೆ ನಿಂತಿದ್ದ ಮಗ. ಗೂಬೆ ಅವನೇ. ಮೊಬೈಲನ್ನು ಮೆಲ್ಲಗೆ ಜೇಬಿಗಿಳಿಸಿದ.

"ಒಳ್ಳೇ ಕುರ್ಚಿನಾ?" ಎಂದು ಕೇಳಿದ. ಬೇರೇನು ಕೇಳಲು ಸಾಧ್ಯವಿತ್ತು?

ಅವತ್ತಿನಿಂದ ಊಟದ ಹೊತ್ತಿಗೆ ಗೂಬೆಗೆ ಬೈಗುಳ ಬಡಿಸುವುದು ರೂಢಿಯಾಯಿತು.

"ಅವನ ಮನೆ ಹಾಳಾಗ," ಎಂದಳು ಸೊಸೆ.

"ಮನೆಗೆ ಬೈಬೇಡಮ್ಮ," ಎಂದಳು ಅಜ್ಜಿ. "ಮನೇಲಿ ವಯಸ್ಸಾದವರು ಇರ್ತಾರೆ."

"ಹಾಗಾದ್ರೆ ಅವನ ಹಲ್ಲು ಉದುರಿಹೋಗ್ಲಿ."

"ಉದುರಿದ್ರೆ ನಮ್ಮವನೇ ಕಟ್ಟಿಕೊಡ್ತಾನೆ ಬಿಡು."

ಮಗನಿಗೆ ತುತ್ತು ಗಂಟಲಲ್ಲಿ ನಿಂತು ಕೆಮ್ಮು ಬಂತು. ಪಾಪು ನೀರು ಕೊಟ್ಟಳು. ಅಜ್ಜಿ ಅವನ ಬೆನ್ನು ತಟ್ಟಿದಳು, ಬೇಕಾದ್ದಕ್ಕಿಂತ ತುಸು ಜೋರಾಗಿಯೇ.

ಕುರ್ಚಿಯನ್ನು ನಾಲ್ಕು ಜನ ಹೊತ್ತು ತಂದರು. ಮುಂದಿನ ಕೋಣೆಯ ಬೀದಿ ಬಾಗಿಲು ತೆಗೆದರೆ ಕಾಲಿಡಲು ಜಾಗವಿಲ್ಲ. ಹೊತ್ತವರು ಒಳಗೆ ಇಣುಕಿ, ಒಬ್ಬರ ಮುಖ ಒಬ್ಬರು ನೋಡಿ, ಕುರ್ಚಿಯನ್ನು ಬಾಗಿಲ ಮುಂದಿನ ಮರದ ಕೆಳಗೆ ಇಳಿಸಿ ಹೋದರು.

"ಒಂದು ವಾರ ಕೊಡು," ಎಂದ ಮಗ.

"ಬೇಡ." ಸೊಸೆಯ ದನಿ ಏರಲಿಲ್ಲ. ಅವಳಿಗೆ ಕೋಪಕ್ಕಿಂತ ದುಃಖವಾಗಿತ್ತು. "ನಿಮ್ಮ ಕೋಣೆ ನಿಮಗೇ ಇರ್ಲಿ. ಆ ಬಾಗಿಲು ನಾನಿನ್ನು ಮುಟ್ಟಲ್ಲ. ನಾನು ಇಲ್ಲೇ ಕೆಲಸ ಮಾಡ್ತೀನಿ."

"ಬೀದಿಲಾ? ಜನ ಏನಂತಾರೆ?"

"ಕಟಿಂಗ್ ಚೆನ್ನಾಗಿದ್ರೆ ಚೆನ್ನಾಗಿದೆ ಅಂತಾರೆ."

ರಾತ್ರಿಗೆ ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿದರು. ಯಾರಾದರೂ ಎತ್ತಿಕೊಂಡು ಹೋದರೆ ಎಂದು ಪಾಪು ಹೆದರಿದಳು. "ಇದನ್ನ ಕದಿಯೋಕೆ ಕಳ್ಳರು ಸಂಘ ಕಟ್ಟಿಕೊಂಡು ಬರ್ಬೇಕು," ಎಂದಳು ಅಜ್ಜಿ.

ಹೀಗೆ ಅಂಗಡಿ ಮರದ ಕೆಳಗೆ ಶುರುವಾಯಿತು. ಪಾರ್ಲರಿನ ಹಳೆಯ ಗಿರಾಕಿಗಳು ಮೊದಮೊದಲು ನಾಚಿಕೊಂಡರು, ಆಮೇಲೆ ಕೂತರು. ಕೂತವರಿಗೆ ಒಂದು ವಿಚಿತ್ರ ಆಗುತ್ತಿತ್ತು. ಸೊಸೆ ಕೊರಳಿಗೆ ಬಟ್ಟೆ ಕಟ್ಟಿ, ಸನ್ನೆ ಒತ್ತಿ ಮೇಲೇರಿಸುವಷ್ಟರಲ್ಲಿ ಅವರ ಕಣ್ಣು ಎಳೆಯುತ್ತಿತ್ತು. ಎಲೆಗಳ ನಡುವಿನಿಂದ ಬಿಸಿಲು ಮುಖದ ಮೇಲೆ ಆಡುತ್ತಿತ್ತು, ಕತ್ತರಿ ಕಿವಿಯ ಹತ್ತಿರ ಮೆಲ್ಲಗೆ ಮಾತಾಡುತ್ತಿತ್ತು, ಬೀದಿಯ ಸದ್ದು ಎಲ್ಲೋ ದೂರದ್ದೆನಿಸುತ್ತಿತ್ತು. ಒಬ್ಬ ಬಸ್ ಡ್ರೈವರು ಗೊರಕೆ ಹೊಡೆದ. ಬ್ಯಾಂಕಿನ ಹೆಂಗಸೊಬ್ಬಳು ಎದ್ದವಳೇ, "ನಮ್ಮಮ್ಮ ಕನಸಲ್ಲಿ ಬಂದು ತಲೆ ಬಾಚಿದ್ಳು" ಎಂದು ಕಣ್ಣೊರೆಸಿಕೊಂಡು ಹೋದಳು. ಸೊಸೆ ನಿದ್ದೆಯ ತಲೆಗಳನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಕತ್ತರಿಸುವುದನ್ನು ಕಲಿತಳು. ಅಜ್ಜಿ ಒಂದು ಸ್ಟೂಲು ಹಾಕಿಕೊಂಡು, ಕಾಯುವವರನ್ನು ಮಾತಿನಲ್ಲಿ ಹಿಡಿದಿಡುತ್ತಿದ್ದಳು.

ಆದರೆ ತಲೆ ತೊಳೆಯುವ ಕೆಲಸಕ್ಕೆ ಬಂದವರು ಬಕೆಟ್ಟು ಚೊಂಬು ನೋಡಿ ಹಿಂದೆ ಸರಿಯುತ್ತಿದ್ದರು. ಬಣ್ಣ ಹಚ್ಚಿಸಿಕೊಳ್ಳುವವರಂತೂ ಬರಲೇ ಇಲ್ಲ. ಬಣ್ಣದಲ್ಲೇ ಸಂಪಾದನೆ. ಮೋಡ ಕಟ್ಟಿದರೆ ಅಂಗಡಿಯೇ ಇಲ್ಲ. ಸಂಜೆ ಕೂದಲು ಗುಡಿಸುತ್ತ ಸೊಸೆ ಆಕಾಶ ನೋಡುತ್ತಿದ್ದಳು.

ರಜೆಯ ದಿನ ಮಗ ಕೋಣೆಯ ಕಿಟಕಿಯಿಂದ ಇದನ್ನೆಲ್ಲ ನೋಡಿದ. ಬಾಯಿ ತೆರೆದು ಮಲಗಿದ ಡ್ರೈವರನ ಮೇಲಿನ ಹಲ್ಲುಸಾಲು ತಾನೇ ಮಾಡಿದ್ದು ಎಂದು ಗುರುತು ಹಿಡಿದ. ತಾನು ಕಟ್ಟಿದ ಹಲ್ಲು, ಅವಳು ಕತ್ತರಿಸುವ ಕೂದಲು. ಒಂದೇ ತಲೆಗೆ ಇಬ್ಬರೂ ದುಡಿದಿದ್ದರು. ಅವಳು ಕೆಳಗೆ ಬಾಗಿ ಬಕೆಟ್ಟು ಎತ್ತಿದಾಗ ಸೊಂಟ ಹಿಡಿದುಕೊಂಡಳು. ಅವನ ಹಿಂದೆ ಗಡಿಯಾರಗಳು ತಮ್ಮ ತಮ್ಮ ಹೊತ್ತು ಹೇಳುತ್ತಿದ್ದವು. ಅವನಿಗೆ ಮೊದಲ ಸಲ ಆ ಕೋಣೆಯಲ್ಲಿ ಉಸಿರು ಕಟ್ಟಿತು.

ಹೇಳಿಬಿಡಬೇಕು ಎಂದು ಪ್ರತಿ ಊಟಕ್ಕೂ ನಿರ್ಧರಿಸಿ ಬರುತ್ತಿದ್ದ. ಬಂದರೆ ಗೂಬೆಯ ಪೂಜೆ ಆಗಲೇ ಶುರುವಾಗಿರುತ್ತಿತ್ತು. ಹೇಳುವ ಧೈರ್ಯ ಬರಲಿಲ್ಲ. ಹೇಳಲಾಗದವನು ಬೇರೆ ದಾರಿ ಹಿಡಿದ. ಬೆಳಿಗ್ಗೆ ಊಟದ ಡಬ್ಬಿಯ ಜೊತೆ ಚೀಲದಲ್ಲಿ ಇನ್ನೊಂದು ಏನನ್ನಾದರೂ ತುಂಬಿಕೊಳ್ಳುತ್ತಿದ್ದ. ಹಲ್ಲಿನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಫೋಟೋ ತೆಗೆಯುತ್ತಿದ್ದ. ಕೊಂಡದ್ದು ಎಲ್ಲಿಯೋ ಅಲ್ಲಿಯೇ ಮಾರಿದ. ಲೆಕ್ಕದ ಯಂತ್ರ ಹೋಯಿತು, ಚಿತ್ರದ ಪೆಟ್ಟಿಗೆ ಹೋಯಿತು. ಕಳಿಸುವ ಮೊದಲು ಒಮ್ಮೆ ಕಣ್ಣಿಟ್ಟು ನೋಡಿದ: ಯಾವುದೋ ಸರೋವರ, ದೋಣಿಯಲ್ಲಿ ಯಾರೋ ಕೈಬೀಸುತ್ತಿದ್ದಾರೆ. ಅವನೂ ಕೈಬೀಸಿ ಡಬ್ಬಕ್ಕೆ ಟೇಪು ಸುತ್ತಿದ. ಮನಸ್ಸು ನೋಯಲಿಲ್ಲ ಎಂದರೆ ಸುಳ್ಳು. ಒಂದೊಂದು ಹೋದಾಗಲೂ ತನ್ನದೇ ಹಲ್ಲು ಕಿತ್ತ ಹಾಗೆ ಆಗುತ್ತಿತ್ತು.

ಊಟದ ಮೇಜಿನ ಟೈಪ್‌ರೈಟರು ಮಾಯವಾದ ದಿನ ಪಾಪು ಎತ್ತಲು ಕೈ ಚಾಚಿ ಹಾಗೇ ನಿಂತಳು.

"ರಿಪೇರಿಗೆ," ಎಂದ ಅಪ್ಪ.

"ನನ್ನ ಮಂಚದ ಕೆಳಗಿನ ಗಡಿಯಾರ?"

"ಅದೂ ರಿಪೇರಿಗೆ."

"ಅದು ಚೆನ್ನಾಗೇ ನಡೀತಿತ್ತಲ್ಲ ಅಪ್ಪ."

"ಊಟ ಮಾಡು ಪಾಪು," ಎಂದಳು ಅಜ್ಜಿ. "ಮನೇಲಿ ರಿಪೇರಿ ಆಗೋದು ಬಹಳ ಇದೆ."

ದಿನಗಳೆದಂತೆ ರಾತ್ರಿಯ ಟಿಕ್ ಟಿಕ್ ತೆಳ್ಳಗಾಗುತ್ತ ಬಂತು. ಅಜ್ಜಿಗೆ ಮನೆ ಸ್ವಲ್ಪ ಸ್ವಲ್ಪವೇ ಕಿವುಡಾಗುತ್ತಿದೆ ಎನಿಸಿತು. ಸೊಸೆ ತನ್ನ ಹಟದಲ್ಲಿದ್ದಳು. ಆ ಬಾಗಿಲ ಕಡೆ ಮುಖ ತಿರುಗಿಸುತ್ತಿರಲಿಲ್ಲ.

ಒಂದು ದಿನ ಸೊಸೆ ಮದುವೆಮನೆಯೊಂದಕ್ಕೆ ತಲೆ ಸಿಂಗಾರದ ಕೆಲಸಕ್ಕೆ ಹೋಗಿ ಸಂಜೆ ಮರಳಿದಳು. ಆಗಲೇ ಗಾಳಿ ಎದ್ದಿತ್ತು. ಕುರ್ಚಿಯ ಮೇಲಿನ ಹಾಳೆ ಹಾರಿ ಮರಕ್ಕೆ ಸಿಕ್ಕಿಕೊಂಡಿತ್ತು. ಕೈಚೀಲ ಎಸೆದು ಓಡಿದಳು. ದಪ್ಪ ಹನಿ ಚರ್ಮದ ದಿಂಬಿನ ಮೇಲೆ ಬಿತ್ತು. ತನ್ನ ಸೆರಗನ್ನೇ ಹೊದಿಸಲು ನೋಡಿದಳು. ಅವಳಿಗೆ ಅಳು ಬಂದುಬಿಟ್ಟಿತು.

ಆಗ ಮುಂದಿನ ಕೋಣೆಯ ಬಾಗಿಲು ಒಳಗಿನಿಂದ ತೆರೆಯಿತು. ಮಗ ಎರಡು ಉದ್ದನೆಯ ಪೈಪುಗಳನ್ನು ಹಿಡಿದುಕೊಂಡು ಬಂದ. ಹಿಂದೆ ಪಾಪು ಹಲಗೆ ತಂದಳು.

"ವಾಲಿಸು, ಹೀಗೆ. ಕಾಲು ಜೋಪಾನ."

ಹಲಗೆಯ ಕೆಳಗೆ ಪೈಪುಗಳನ್ನಿಟ್ಟು ಉರುಳಿಸುತ್ತ, ಮೂವರೂ ತಳ್ಳುತ್ತ, ಕುರ್ಚಿಯನ್ನು ಹೊಸ್ತಿಲು ದಾಟಿಸಿದರು. ಮಳೆ ಹಿಂದೆಯೇ ಬಂದು ಬಾಗಿಲು ಬಡಿಯಿತು. ಸೊಸೆ ಮುಖದ ನೀರು ಒರೆಸಿಕೊಂಡು ತಲೆ ಎತ್ತಿದಳು.

ಕೋಣೆ ಖಾಲಿ. ಗೋಡೆಗಳು ಬೆತ್ತಲೆ. ಕಪಾಟು ಇದ್ದಲ್ಲಿ ದೊಡ್ಡ ಕನ್ನಡಿ. ಮೂಲೆಯಲ್ಲಿ, ಅವಳು ಮದುವೆಮನೆಗೆ ಹೋದಾಗ ಕೂರಿಸಿದ, ಇನ್ನೂ ಸಿಮೆಂಟಿನ ವಾಸನೆ ಆರದ, ಕೊರಳಿಡುವಲ್ಲಿ ತಗ್ಗಿರುವ ಬಿಳಿ ಬೇಸಿನ್. ಅವಳು ಹೋಗಿ ನಲ್ಲಿ ತಿರುಗಿಸಿದಳು. ನೀರು ಬಂತು. ನಿಲ್ಲಿಸಿದಳು. ಮತ್ತೆ ತಿರುಗಿಸಿದಳು. ಬಹಳ ಹೊತ್ತು ಹಾಗೇ ನೀರಿನ ಕೆಳಗೆ ಕೈಯಿಟ್ಟುಕೊಂಡು ನಿಂತಳು.

"ಎಲ್ಲಾ ಮಾರಿದ್ರಾ?"

"ಹೂಂ."

"ಆ ಫೋನು?" ಕಿಟಕಿಯ ಕಟ್ಟೆಯ ಮೇಲೆ ಬೆರಳಿಟ್ಟು ತಿರುಗಿಸುವ ಫೋನು ಕೂತಿತ್ತು.

"ಅದನ್ನ ಯಾರೂ ಕೇಳಲಿಲ್ಲ," ಎಂದ. ಅದನ್ನು ಅವನು ಮಾರಾಟಕ್ಕೆ ಇಟ್ಟೇ ಇರಲಿಲ್ಲ.

"ಇರ್ಲಿ ಬಿಡಿ," ಎಂದಳು.

ಮರುದಿನ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಅವನನ್ನೇ ಮೊದಲ ತಲೆಯಾಗಿ ಕೂರಿಸಿದಳು. ಮಳೆಯಲ್ಲಿ ತೊಳೆದ ಬೆಳಕು ಕಿಟಕಿಯಿಂದ ಬರುತ್ತಿತ್ತು. ಅಜ್ಜಿ ಸ್ಟೂಲಿನ ಮೇಲೆ, ಪಾಪು ಹೊಸ್ತಿಲಲ್ಲಿ. ಸನ್ನೆ ಒತ್ತಿ ಅವನನ್ನು ಮೇಲೇರಿಸಿದಳು. ಎಷ್ಟೋ ವರ್ಷಗಳಿಂದ ಅವನ ಕೂದಲನ್ನು ಮುಟ್ಟಿರಲಿಲ್ಲ. ನೆತ್ತಿಯಲ್ಲಿ ತೆಳುವಾಗಿದ್ದನ್ನು ಈಗ ನೋಡಿದಳು. ಬೆರಳುಗಳು ತಾವಾಗಿಯೇ ಮೆತ್ತಗಾದವು. ಅವನ ಕಣ್ಣು ಮುಚ್ಚಿಕೊಂಡು ಬಂತು. ಆ ಕುರ್ಚಿಯ ಗುಣವೋ ಏನೋ, ಅರೆನಿದ್ದೆಯಲ್ಲಿ, ಒಂದು ಕಡೆ ಕತ್ತರಿಸಿ ಮುಗಿಯುವ ಹೊತ್ತಿಗೆ, ಅವನ ಬಾಯಿ ಬಿಟ್ಟುಕೊಂಡಿತು.

"ಆ ಗೂಬೆ ನಾನೇ ಕಣೆ."

ಕತ್ತರಿ ನಿಂತಿತು. ಪಾಪು ಹೊಸ್ತಿಲಿಂದ ಎದ್ದಳು. ಸೊಸೆ ಕುರ್ಚಿಯನ್ನು ಸರಕ್ಕನೆ ತಿರುಗಿಸಿ ಅವನ ಮುಖವನ್ನು ತನ್ನ ಮುಖಕ್ಕೆ ತಂದಳು.

"ಏನಂದ್ರಿ?"

"ಮರಕುಟಿಗ ನೀನು ಅಂತ ನನಗೆ ಗೊತ್ತಿರ್ಲಿಲ್ಲ."

ಅವಳು ಅತ್ತೆಯ ಕಡೆ ತಿರುಗಿದಳು. ಅಜ್ಜಿ ಕಿಟಕಿಯಾಚೆ ಏನೋ ನೋಡುತ್ತಿದ್ದಳು.

"ಅತ್ತೆ, ನಿಮಗೆ ಗೊತ್ತಿತ್ತು."

"ಅವತ್ತೇ. ಇಲ್ಲೊಂದು ಟಣ್ ಅಂದ್ರೆ ಅಡುಗೆಮನೇಲೊಂದು ಟಣ್ ಅಂತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ? ದಿನಾ ಬೈತಿದ್ನಲ್ಲ."

"ಅವತ್ತೇ ಹೇಳಿದ್ರೆ ಅವತ್ತೇ ಬೈದು ಅವತ್ತೇ ಮರೀತಿದ್ದೆ. ಈ ಕೋಣೆ ಖಾಲಿ ಆಗ್ತಿತ್ತೇನಮ್ಮ?" ಎಂದಳು ಅಜ್ಜಿ. "ನನ್ನ ತಲೆ ಮೇಲೆ ಆಣೆ ಇಟ್ಟವನು. ಸ್ವಲ್ಪ ಬೇಯಲಿ ಅಂತ ಬಿಟ್ಟೆ."

ಸೊಸೆ ಬೇಸಿನ್ನು ನೋಡಿದಳು, ಬೆತ್ತಲೆ ಗೋಡೆ ನೋಡಿದಳು. ಸಿಟ್ಟು ಬಂದಿತ್ತು, ಅದರ ಜೊತೆಗೇ ನಗುವೂ ಬರುತ್ತಿತ್ತು. ಯಾವುದನ್ನು ಮೊದಲು ಬಿಡಬೇಕೋ ಅವಳಿಗೆ ತಿಳಿಯಲಿಲ್ಲ. ಕತ್ತರಿಯನ್ನು ಅವನ ಕಿವಿಯ ಹತ್ತಿರ ಹಿಡಿದಳು.

"ನಿಜ ಹೇಳಿ. ನನಗೋಸ್ಕರ ಕೂಗಿದ್ರಾ, ನಿಮಗೋಸ್ಕರಾನಾ?"

ಅವನು ಯೋಚಿಸಿದ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ಅರ್ಧ ನಿನಗೆ," ಎಂದ. "ಅರ್ಧ ನನಗೆ."

ಬಾಗಿಲಲ್ಲಿ ಬಸ್ ಡ್ರೈವರು ಚಪ್ಪಲಿ ಬಿಡುತ್ತಿದ್ದ. "ಅಂಗಡಿ ಒಳಗೆ ಬಂತಾ? ಒಳ್ಳೇದಾಯ್ತು ಬಿಡಿ," ಎಂದು ಅವರದೇ ಮನೆಯ ಹಲ್ಲು ತೋರಿಸಿ ನಕ್ಕ.

ಸೊಸೆ ಗಂಡನ ಕೊರಳಿನ ಬಟ್ಟೆ ಬಿಚ್ಚಿ ಕೊಡವಿದಳು. ಸನ್ನೆ ಹಿಂದಕ್ಕೆಳೆದಳು. ಕುರ್ಚಿ ನಿಟ್ಟುಸಿರಿಟ್ಟು ಇಳಿಯಿತು.

"ಹಾಗಾದ್ರೆ ಕಟಿಂಗೂ ಅರ್ಧ," ಎಂದಳು. "ಇಳೀರಿ. ಗಿರಾಕಿ ಬಂದಿದ್ದಾರೆ."

ಅಜ್ಜಿ ಸ್ಟೂಲಿನ ಮೇಲೆ ಸ್ವಲ್ಪ ಸರಿದು ಮಗನಿಗೆ ಜಾಗ ಕೊಟ್ಟಳು. ಡ್ರೈವರು ಆಗಲೇ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದ. ಕಿಟಕಿಯಿಂದ ಗಾಳಿ ಬರುತ್ತಿತ್ತು. ಮಗನಿಗೆ ತಲೆಯ ಒಂದು ಕಡೆ ತಣ್ಣಗಾಯಿತು. ಕತ್ತರಿಯ ಸದ್ದು ಕೇಳುತ್ತ, ಉಳಿದರ್ಧವನ್ನು ಕೈಯಲ್ಲಿ ನೇವರಿಸಿಕೊಳ್ಳುತ್ತ, ಅವನು ತನ್ನ ಸರದಿ ಬರುವವರೆಗೆ ಅಮ್ಮನ ಪಕ್ಕದಲ್ಲಿ ಕೂತ.